ಮುಳುಗಲಾರದ ಇಬ್ಬರು ಅಳಿಯಂದಿರು

ಹನ್ನೆರಡು ವರ್ಷಗಳ ಸಂಸಾರದಲ್ಲಿ ಅತ್ತೆಯವರು ತಮ್ಮ ಹಿರಿಯ ಅಳಿಯನನ್ನು ನೋಡಿ ಒಮ್ಮೆಯೂ ನಕ್ಕಿರಲಿಲ್ಲ. ನಕ್ಕ ಮೊದಲ ದಿನವೇ ಅವರ ಮೇಲಿನ ಹಲ್ಲುಸೆಟ್ಟು ಸರೋವರದ ಪಾಲಾಯಿತು.

ಹಿರಿಯ ಅಳಿಯ ಎಂದರೆ ನಮ್ಮ ತೂಕದವರು. ತೂಕ ಮತ್ತು ಅಳತೆ ಕಚೇರಿಯಲ್ಲಿ ನೌಕರಿ. ಅಂಗಡಿಗಳ ತಕ್ಕಡಿ ಪರೀಕ್ಷಿಸುವುದು, ತೂಕದ ಬಟ್ಟುಗಳ ಅಡಿಯ ಗುಳಿಗೆ ಸೀಸ ತುಂಬಿ ಮುದ್ರೆ ಒತ್ತುವುದು ಅವರ ನಿತ್ಯದ ಕೆಲಸ. ಅಂಗಡಿಯವರು 'ತೂಕದವರು ಬಂದ್ರು' ಎಂದು ಎದ್ದು ನಿಲ್ಲುತ್ತಿದ್ದುದರಿಂದ ಬೀದಿಯಲ್ಲೂ ಮನೆಯಲ್ಲೂ ಅದೇ ಹೆಸರು ಉಳಿಯಿತು. ಹೆಸರಿಗೂ ಮೈಗೂ ಸಂಬಂಧವಿರಲಿಲ್ಲ. ಜೋರಾಗಿ ಗಾಳಿ ಬೀಸಿದರೆ ಅವರು ಕಂಬದ ಪಕ್ಕ ನಿಲ್ಲುತ್ತಿದ್ದರು.

ಈ ಮನುಷ್ಯ ಕಳೆದ ರಜೆಯಲ್ಲಿ ಈಜುಕೊಳವೊಂದರಲ್ಲಿ ನಡೆದ ಮುಳುಗು ತರಗತಿಗೆ ಸೇರಿದ್ದರು. ಬೆನ್ನಿಗೆ ಗಾಳಿಯ ಸಿಲಿಂಡರ್, ಬಾಯಿಗೆ ರಬ್ಬರು ನಳಿಗೆ, ಕಾಲಿಗೆ ರೆಕ್ಕೆ. ಕೊಳದ ಆಳ ಅವರ ಗದ್ದದವರೆಗೆ ಬರುತ್ತಿತ್ತು. ಸಾಮಾನನ್ನೆಲ್ಲ ಒಬ್ಬ ಸಹಾಯಕ ಹಿಂದಿನಿಂದ ಕಟ್ಟುತ್ತಿದ್ದ, ಹಿಂದಿನಿಂದಲೇ ಬಿಚ್ಚುತ್ತಿದ್ದ. ತಮ್ಮ ಮೈಮೇಲೆ ಏನೇನಿತ್ತು ಎಂಬುದು ಅವರಿಗೆ ಕೊನೆಯವರೆಗೂ ಪೂರ್ತಿ ತಿಳಿಯಲಿಲ್ಲ. ಆದರೂ ಮನೆಗೆ ಮರಳಿದವರು ಬೇರೆಯೇ ಮನುಷ್ಯರಾಗಿದ್ದರು. ನಲ್ಲಿಯ ನೀರು ನೋಡಿದರೂ "ಆಹಾ, ಒಳಗಿನ ಮೌನ!" ಎನ್ನುತ್ತಿದ್ದರು.

ಒಂದು ಸಂಜೆ ಮನೆಯವರೆಲ್ಲ ದೋಣಿಯಲ್ಲಿ ನಡುಗಡ್ಡೆಗೆ ಹೊರಟಾಗ, ನೀರೊಳಗೆ ಉಸಿರಾಡುವುದು ಹೇಗೆಂದು ತೂಕದವರು ತೋರಿಸಿದರು. ಕಣ್ಣು ಅಗಲಿಸಿ, ಮುಷ್ಟಿಯನ್ನು ಬಾಯಿಗಿಟ್ಟು, ಕೆನ್ನೆ ಉಬ್ಬಿಸಿ, "ಘೊರ್ರ್... ಬುಳುಬುಳು... ಘೊರ್ರ್..." ಎಂದರು. ಅತ್ತೆಯವರು ಸ್ವಲ್ಪ ಹೊತ್ತು ತಡೆದರು. ಆಮೇಲೆ ತಡೆಯಲಾಗಲಿಲ್ಲ. ನಗು ಬಂತು, ನಗುವಿನ ಹಿಂದೆ ಹಲ್ಲುಸೆಟ್ಟು ಬಂತು. 'ಪುಳಕ್' ಎಂಬ ಸಣ್ಣ ಸದ್ದು. ನೀರಿನ ಮೇಲೆ ಉಂಗುರಗಳು ದೊಡ್ಡದಾಗುತ್ತ ಹೋದವು.

ಅತ್ತೆಯವರು ಬಾಯಿ ಮುಚ್ಚಿದರು. ಮುಚ್ಚಿದ ಬಾಯಿ ತೆರೆಯಲಿಲ್ಲ.

ಆ ಸೆಟ್ಟು ಮಾಡಿಕೊಟ್ಟ ದಂತವೈದ್ಯರು ಅದೆಷ್ಟೋ ಸಲ ಅಚ್ಚು ತೆಗೆದು, ಕೊನೆಗೊಮ್ಮೆ ಸರಿಯಾಗಿ ಕೂರಿಸಿ, ಆ ಆಯಾಸಕ್ಕೋ ಏನೋ, ವೃತ್ತಿಯನ್ನೇ ಬಿಟ್ಟಿದ್ದರು. ಬೇರೆಯವರ ಕೈಯ ಹಲ್ಲು ಅತ್ತೆಯವರಿಗೆ ಬೇಡ. ಬೊಚ್ಚುಬಾಯಿ ತೋರಿಸುವುದಕ್ಕಿಂತ ಮಾತು ಬಿಡುವುದೇ ಮೇಲು ಎಂದು ಅವರು ತೀರ್ಮಾನಿಸಿದರು. ಊಟ ಕೋಣೆಯೊಳಗೆ, ಬಾಗಿಲು ಹಾಕಿಕೊಂಡು. ಉಳಿದ ಹೊತ್ತು ಹಾಲಿನ ಮೂಲೆಯ ಕುರ್ಚಿಯಲ್ಲಿ, ತುಟಿ ಬಿಗಿದುಕೊಂಡು.

ಮನೆಯಲ್ಲಿ ಶಾಂತಿ ನೆಲೆಸಿತು ಎಂದು ತೂಕದವರು ಮೊದಲೆರಡು ದಿನ ಸಂತೋಷಪಟ್ಟದ್ದು ನಿಜ. ಪ್ರತಿದಿನ ಬೆಳಿಗ್ಗೆ ಚಹಾ ಲೋಟದ ಹಿಂದಿನಿಂದ ಬರುತ್ತಿದ್ದ "ಅಳಿಯಂದ್ರೇ, ಷರ್ಟಿನ ಗುಂಡಿ ಒಂದು ಮನೆ ತಪ್ಪಿದೆ," "ಅಳಿಯಂದ್ರೇ, ಕಾಲುಚೀಲ ಒಂದು ಕಪ್ಪು ಒಂದು ನೀಲಿ" ಎಂಬ ಅಶರೀರವಾಣಿ ನಿಂತಿತ್ತು. ಮೂರನೆಯ ದಿನ ಅವರು ಒಂದು ಮನೆ ತಪ್ಪಿದ ಗುಂಡಿಯಲ್ಲೇ ಕಚೇರಿಗೆ ಹೋದರು. ನಾಲ್ಕನೆಯ ದಿನ ಷರ್ಟು ಒಳಹೊರಗಾಗಿತ್ತು. ಐದನೆಯ ದಿನ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಚಪ್ಪಲಿ. ಕಚೇರಿಯ ಸಾಹೇಬರು ಎಷ್ಟೋ ಹೊತ್ತು ಅವರ ಪಾದಗಳನ್ನೇ ನೋಡಿ, "ಮನೇಲಿ ಎಲ್ಲ ಕ್ಷೇಮಾನಾ?" ಎಂದು ಕೇಳಿದರು.

ಆ ರಾತ್ರಿ ಊಟದ ಹೊತ್ತಿಗೆ ಹೆಂಡತಿ ನಿಟ್ಟುಸಿರಿಟ್ಟಳು. "ರೀ, ಸೋಮವಾರದಿಂದ ಸರೋವರದಲ್ಲಿ ಹೂಳೆತ್ತೋ ಯಂತ್ರ ಇಳಿಸ್ತಾರಂತೆ. ಆಮೇಲೆ ಅಮ್ಮನ ಹಲ್ಲು ಮಣ್ಣಿನ ಜೊತೆ ಲಾರೀಲಿ ಹೋಗುತ್ತೆ. ಅಮ್ಮ ಇನ್ನು ಮಾತಾಡೋದೇ ಇಲ್ವೇನೋ."

"ಯಾಕೆ ಯೋಚನೆ ಮಾಡ್ತೀಯ? ನಾನಿದೀನಲ್ಲ," ಎಂದರು ತೂಕದವರು. ಧೈರ್ಯ ಹೇಳುವಾಗ ಗಂಡಸರು ವಾಡಿಕೆಯಾಗಿ ಆಡುವ ಮಾತು ಅದು, ಅದಕ್ಕೆ ಬೇರೆ ಅರ್ಥವಿರುವುದಿಲ್ಲ. ಆದರೆ ಹೆಂಡತಿ ಆಗಲೇ ತಂಗಿಗೆ ಫೋನು ಹಚ್ಚಿದ್ದಳು. "ನಿಮ್ಮ ಭಾವನೇ ಇಳೀತಾರಂತೆ ಕಣೆ! ಅವರಿಗೆ ಇದೆಲ್ಲ ನೀರು ಕುಡಿದ ಹಾಗೆ."

ತಂಗಿಯ ಗಂಡ, ಅಂದರೆ ತೂಕದವರ ಷಡ್ಡಕ, ಫೋಮ್ ಹಾಸಿಗೆ ಅಂಗಡಿಯವನು. ಹಿರಿಯ ಅಳಿಯ ಒಬ್ಬನೇ ನೀರಿಗಿಳಿದು ಹೆಸರು ಗಳಿಸುವುದನ್ನು ಅವನು ದಡದಲ್ಲಿ ನಿಂತು ನೋಡುವ ಪೈಕಿಯಲ್ಲ. ತಾನೂ ಪ್ರವಾಸ ಹೋದಾಗ ಮುಳುಗಿದ್ದೇನೆ ಎಂದ. ಮುಳುಗಿದ್ದು ಹೋಟೆಲಿನ ಕೊಳದಲ್ಲಿ, ಮಕ್ಕಳ ಭಾಗದಲ್ಲಿ ಎಂಬುದನ್ನು ಹೇಳಲು ಯಾರೂ ಕೇಳಲಿಲ್ಲ. ಅಕ್ಕತಂಗಿಯರು ಫೋನಿನಲ್ಲಿ ಒಬ್ಬರ ಗಂಡನನ್ನು ಇನ್ನೊಬ್ಬರಿಗೆ ಎಷ್ಟು ಉಬ್ಬಿಸಿ ಹೇಳಿದರೆಂದರೆ, ಬೆಳಗಾಗುವುದರೊಳಗೆ ತೂಕದವರ ಮನಸ್ಸಿನಲ್ಲಿ ಷಡ್ಡಕ ಮಹಾ ಮುಳುಗುಗಾರನಾಗಿದ್ದ, ಷಡ್ಡಕನ ಮನಸ್ಸಿನಲ್ಲಿ ತೂಕದವರು ಸಮುದ್ರದ ತಳ ಕಂಡು ಬಂದವರಾಗಿದ್ದರು. ಮುಂದಿನದ್ದಕ್ಕೆಲ್ಲ ಇದೊಂದೇ ಮೂಲ.

ಶನಿವಾರ ಷಡ್ಡಕ ಸರೋವರದ ಮುಳುಗು ಶಾಲೆಯಿಂದ ಸಾಮಾನನ್ನೆಲ್ಲ ಬಾಡಿಗೆಗೆ ತಂದು ತೂಕದವರ ಹಾಲಿನಲ್ಲಿ ಹರಡಿದ. ಶಾಲೆ ನಡೆಸುವ ಮೇಡಂ ಬೆಳಿಗ್ಗೆ ದಡದಲ್ಲೇ ಕೊಡುತ್ತೇನೆ ಎಂದಿದ್ದಳಂತೆ. ಇವನು, "ಭಾವನವರು ಮನೇಲೇ ಜೋಡಿಸ್ಕೋತಾರೆ, ಅವರ ಪದ್ಧತಿ ಬೇರೆ" ಎಂದು ಹೇಳಿ ತಂದಿದ್ದ. ಎರಡು ನೀರೊಳಗಿನ ಸ್ಕೂಟರುಗಳನ್ನೂ ಗೊತ್ತು ಮಾಡಿದ್ದ, ಅವನ್ನು ಮಾತ್ರ ಮೇಡಂ ಮನೆಗೆ ಕೊಟ್ಟಿರಲಿಲ್ಲ. ಈ ಸ್ಕೂಟರು ಕೂತು ಓಡಿಸುವಂಥದ್ದಲ್ಲ. ಗ್ಯಾಸ್ ಸಿಲಿಂಡರಿನ ತಮ್ಮನಂತಿರುವ ಬ್ಯಾಟರಿಯ ಗುಂಡ, ಹಿಂದೆ ಬುಟ್ಟಿಯೊಳಗೊಂದು ಪಂಖ. ಎರಡು ಕೈಯಲ್ಲಿ ಹಿಡಿದು ಸ್ವಿಚ್ ಒತ್ತಿದರೆ ಎಳೆದುಕೊಂಡು ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಹಲ್ಲು ಬಿದ್ದ ಜಾಗದ ಬಗ್ಗೆ ದೋಣಿಯಲ್ಲಿದ್ದವರಲ್ಲೇ ಒಮ್ಮತವಿರಲಿಲ್ಲ. ದಡದಿಂದ ನಡುಗಡ್ಡೆಯ ಹತ್ತಿರದ ಕೆಂಪು ತೇಲುಬುರುಡೆಯವರೆಗೂ ಹುಡುಕಬೇಕಿತ್ತು. ಹಾಗಾಗಿ ಸ್ಕೂಟರಿಗೆ ಒಂದು ಕಾರಣವೂ ಇತ್ತು ಎನ್ನೋಣ.

ಇಬ್ಬರೂ ಸಾಮಾನಿನ ಸುತ್ತ ಕುಕ್ಕರಗಾಲಲ್ಲಿ ಕೂತರು. ಹೆಚ್ಚಿನವು ಏನೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಷಡ್ಡಕ ಒಂದು ಬಾಗಿದ ಕೊಳವೆಯನ್ನು ಎತ್ತಿ, ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದ. "ಭಾವ, ನೀವು ಇದನ್ನ ಇಟ್ಕೋತೀರಾ?"

ತೂಕದವರಿಗೆ ಇದು ಪರೀಕ್ಷೆ ಎನಿಸಿತು. "ಅದು ಹೊಸಬರಿಗೆ," ಎಂದರು.

"ಅದೇ ನಾನೂ ಅಂದ್ಕೊಂಡೆ," ಎಂದು ಷಡ್ಡಕ ಎರಡು ಕೊಳವೆಗಳನ್ನೂ ಸೋಫಾದ ಹಿಂದೆ ಎಸೆದ. ಸೋಲಬಾರದೆಂದು ಒಂದು ಟಾರ್ಚನ್ನೂ ಎಸೆದ. "ಈಗ ಕಡಿಮೆ ಸಾಮಾನಿನ ಕಾಲ ಭಾವ. ದೊಡ್ಡ ದೊಡ್ಡೋರೆಲ್ಲ ಮಿನಿಮಲಿಸಂ ಅಂತಾರೆ."

ತೂಕದವರು ಇನ್ನೊಂದು ಟಾರ್ಚನ್ನು ಎಸೆದರು. "ಹಗಲಲ್ಲಿ ದೀಪ ಯಾಕೆ?"

"ಈ ಚಾಕು?"

"ಹಲ್ಲು ತಾನೇ ಹುಡುಕೋದು, ಕುಯ್ಯೋದೇನಿದೆ?"

ಷಡ್ಡಕ ಬೆರಗಾದ. ತೂಕದವರೂ ತಮ್ಮ ಉತ್ತರಕ್ಕೆ ಬೆರಗಾದರು. ಕೆಳಮನೆಯ ಟೈಲರ್ ಕೊರಳಿಗೆ ಟೇಪು ನೇತುಹಾಕಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದವನು ತಲೆದೂಗಿದ. "ಇಷ್ಟು ಬಿಟ್ಟು ಹೋಗೋರು ಅಂದ್ರೆ ಕೈ ಪಳಗಿದೋರೇ ಸೈ. ಹೊಸಾ ಟೈಲರ್‌ನ ನೋಡಿ, ಮೈಯೆಲ್ಲಾ ಗುಂಡುಸೂಜಿ ಚುಚ್ಕೊಂಡಿರ್ತಾನೆ. ನನ್ನತ್ರ ಒಂದಾದ್ರೂ ಇದೆಯಾ?"

"ಅದಕ್ಕೇ ಇವರ ಪ್ಯಾಂಟಿನ ಒಂದು ಕಾಲು ಗಿಡ್ಡ," ಎಂದಳು ಹೆಂಡತಿ, ಅಡುಗೆಮನೆಯಿಂದ.

ಸಿಲಿಂಡರಿನಿಂದ ಹೊರಟ ರಬ್ಬರು ನಳಿಗೆಗಳಲ್ಲಿ ಬಾಯಿಗಿಡುವ ತುಂಡುಗಳು ಎರಡೆರಡು ಇದ್ದವು. "ಒಬ್ಬನಿಗೆ ಒಂದೇ ಬಾಯಿ," ಎಂದು ತೂಕದವರು ತೀರ್ಪು ಕೊಟ್ಟರು. ಎರಡನೆಯದು ಬಿಚ್ಚಲು ಬರಲಿಲ್ಲ, ಆದ್ದರಿಂದ ಅದನ್ನು ಬೆನ್ನ ಹಿಂದಕ್ಕೆ ಮಡಚಿ ದಾರದಿಂದ ಬಿಗಿದರು. ಕಣ್ಣಿಗೆ ಬೀಳದಿದ್ದರೆ ಬಿಟ್ಟ ಹಾಗೆಯೇ.

ಕೊನೆಗೆ ಉಳಿದದ್ದು ಎರಡು ಸೊಂಟದ ಪಟ್ಟಿಗಳು, ತುಂಬ ಸೀಸದ ಗಟ್ಟಿಗಳು. ಷಡ್ಡಕ ಒಂದನ್ನು ಎತ್ತಲು ಹೋಗಿ ಕೈಬಿಟ್ಟ. ಟೀಪಾಯಿ ನಡುಗಿತು. "ಇದು...?"

ಸೀಸ! ತೂಕದವರ ಮುಖ ಅರಳಿತು. ಇಷ್ಟು ಹೊತ್ತು ಊಹೆಯ ಮೇಲೆ ನಡೆದಿದ್ದರು, ಈಗ ಸ್ವಂತ ಇಲಾಖೆಗೆ ಬಂದಿದ್ದರು. ಗಟ್ಟಿಯನ್ನು ಕೈಯಲ್ಲಿ ತೂಗಿ, ಬೆರಳಿನಿಂದ ತಟ್ಟಿ, ಗಂಭೀರವಾಗಿ ಹೇಳಿದರು. "ಸರ್ವೀಸೆಲ್ಲ ಇದರಲ್ಲೇ ಕಳೆದೋನು ನಾನು. ಇದರಂಥ ಭಾರದ ವಸ್ತು ಇನ್ನೊಂದಿಲ್ಲ. ನೀರಿಗೆ ಹಾಕಿದ್ರೆ ಸೀದಾ ತಳಕ್ಕೆ ಹೋಗುತ್ತೆ. ಮುಳುಗೋ ವಸ್ತುನ ಸೊಂಟಕ್ಕೆ ಕಟ್ಕೊಂಡು ಯಾವನಾದ್ರೂ ನೀರಿಗಿಳೀತಾನಾ?"

"ಅಬ್ಬಾ," ಎಂದ ಷಡ್ಡಕ. ಎರಡೂ ಪಟ್ಟಿಗಳು ಸೋಫಾದ ಹಿಂದೆ ಹೋದವು.

ಮೂಲೆಯ ಕುರ್ಚಿಯಿಂದ "ಹ್ಞೂಂ" ಎಂದು ಮೂಗಿನ ಸದ್ದೊಂದು ಬಂತು. ಯಾರೂ ತಿರುಗಿ ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಹೊರಡುವಾಗ ಅತ್ತೆಯವರು ಬಾಗಿಲಿಗೆ ಅಡ್ಡ ನಿಂತರು. ತುಟಿ ಬಿಗಿದೇ ಇತ್ತು. ಎರಡು ಕೈಯಿಂದ ತಮ್ಮ ಸೊಂಟ ಮುಟ್ಟಿ ತೋರಿಸಿದರು. ಸೋಫಾದ ಕಡೆ ಬೆರಳು ಮಾಡಿದರು. ಆಮೇಲೆ ಅಂಗೈಯನ್ನು ಮೇಲಿನಿಂದ ಕೆಳಕ್ಕೆ, ಮೇಲಿನಿಂದ ಕೆಳಕ್ಕೆ ಇಳಿಸಿದರು.

"ಸೊಂಟ ನೋವಂತೆ. ಸೋಫಾದ ಮೇಲೆ ಮಲಗ್ತಾರಂತೆ," ಎಂದ ಷಡ್ಡಕ. ಹಾಸಿಗೆ ಮಾರುವವನಿಗೆ ಲೋಕದ ಸನ್ನೆಗಳೆಲ್ಲ ಹಾಗೆಯೇ ಕಾಣುತ್ತವೆ.

"ಅಲ್ಲ, ಆಶೀರ್ವಾದ," ಎಂದರು ತೂಕದವರು. ಇಬ್ಬರೂ ಬಗ್ಗಿ ಅತ್ತೆಯವರ ಕಾಲಿಗೆ ನಮಸ್ಕರಿಸಿದರು. ಅತ್ತೆಯವರು ಕಣ್ಣು ಮುಚ್ಚಿ ಒಂದು ನಿಮಿಷ ಹಾಗೆಯೇ ನಿಂತರು. ಆಮೇಲೆ ಒಳಗೆ ಹೋಗಿ ತರಕಾರಿ ತರುವ ಗಾಲಿಚೀಲವನ್ನು ಎಳೆದುಕೊಂಡು ಬಂದರು. ಅದನ್ನು ಕಾರಿಗೆ ಹತ್ತಿಸುವಾಗ ಹೆಂಡತಿ, "ಇದೇನಮ್ಮಾ, ಬಂಡೆ ಹಾಕಿದೀಯಾ?" ಎಂದಳು. ಉತ್ತರ ಬರಲಿಲ್ಲ. ಉತ್ತರ ಬಾರದೆ ಇರುವುದು ಆ ಮನೆಗೆ ಅಷ್ಟರಲ್ಲಿ ಅಭ್ಯಾಸವಾಗಿತ್ತು.

ಸರೋವರದ ಮರದ ಕಟ್ಟೆಯ ಮೇಲೆ ಜನ ಸೇರಿದ್ದರು. ಟೈಲರ್ ಬಂದಿದ್ದ. ಸಾಹೇಬರು ಮಡಚಿದ ಕೊಡೆ ಹಿಡಿದು ಬಂದಿದ್ದರು. "ನಮ್ಮ ಇಲಾಖೆಯವರು ಇಷ್ಟು ಆಳಕ್ಕೆ ಇಳಿದದ್ದು ಇದೇ ಮೊದಲು," ಎಂದು ಎಲ್ಲರಿಗೂ ಹೇಳುತ್ತಿದ್ದರು.

ಮುಳುಗು ಶಾಲೆಯ ಮೇಡಂ ಮಾತು ಕಡಿಮೆಯ ಹೆಂಗಸು. ಅಳಿಯಂದಿರಂತೆ ತಾನೂ ರಬ್ಬರಿನ ಉಡುಪು ತೊಟ್ಟು ನಿಂತಿದ್ದಳು. ಇಬ್ಬರನ್ನೂ ಎದುರುಬದುರು ನಿಲ್ಲಿಸಿ, "ಒಬ್ರನ್ನೊಬ್ರು ತಪಾಸಣೆ ಮಾಡಿ," ಎಂದಳು.

"ಸರಿಯಾಗಿದೆ," ಎಂದರು ತೂಕದವರು, ಷಡ್ಡಕನ ಮುಖ ನೋಡಿ.

"ಭಾವನವರದ್ದು ನಾನು ನೋಡೋದಾ? ಛೆ ಛೆ," ಎಂದ ಷಡ್ಡಕ.

ಮೇಡಂ ಇಬ್ಬರ ಸುತ್ತ ಒಂದು ಸುತ್ತು ಬಂದಳು. ಬೆನ್ನ ಹಿಂದೆ ಕಟ್ಟಿದ್ದ ಬಾಯಿತುಂಡಿನ ದಾರ ಕತ್ತರಿಸಿ ಅದನ್ನು ಎದೆಯ ಮೇಲೆ ತಂದಿಟ್ಟಳು.

"ಅದು ಬೇಡ ಮೇಡಂ. ನಂಗೆ ಒಂದೇ ಸಾಕು," ಎಂದರು ತೂಕದವರು.

"ಇದು ನಿಮ್ಮದಲ್ಲ ಸಾರ್. ಇವರದು. ಇವರ ಗಾಳಿ ನಿಂತ್ರೆ ನಿಮ್ಮ ಎದೆ ಮೇಲಿಂದ ತಗೋಬೇಕು."

ತನ್ನ ಡಬ್ಬಿಯಿಂದ ಎರಡು ಚಾಕು ತೆಗೆದು ಇಬ್ಬರ ಭುಜದ ಪಟ್ಟಿಗೂ ಸಿಕ್ಕಿಸಿದಳು. "ಹಳೇ ಬಲೆ ಇರುತ್ತೆ ಕೆಳಗೆ." ತೂಗಾಡುತ್ತಿದ್ದ ಪಟ್ಟಿಯ ತುದಿಗಳನ್ನು ಒಳಗೆ ಮಡಚಿದಳು. "ಕಡಿಮೆ ಸಾಮಾನು ಒಳ್ಳೇದೇ. ಇರೋದು ತೂಗಾಡಬಾರದು, ಪಂಖಕ್ಕೆ ಸಿಗುತ್ತೆ." ಆಮೇಲೆ ಇಬ್ಬರ ಸೊಂಟವನ್ನೂ ನೋಡಿದಳು. ತುಂಬ ಹೊತ್ತು ನೋಡಿದಳು.

"ಸ್ಕೂಟರ್ ಅತಿ ನಿಧಾನಕ್ಕೆ ಇಟ್ಟಿದೀನಿ. ಅದು ಕೆಟ್ರೆ ಕಾಲು ಬಡಿದು ವಾಪಸ್ ಬರೋಷ್ಟು ದೂರ ಮಾತ್ರ ಹೋಗ್ಬೇಕು. ಗಾಳಿ ಮೂರನೇ ಒಂದು ಪಾಲು ಮುಗೀತಾ, ತಿರುಗ್ಬೇಕು. ಸ್ಕೂಟರ್ ಎಳೆಯುತ್ತೆ ಅಂತ ಮೇಲಕ್ಕೆ ನುಗ್ಗಬಾರದು, ನಿಮ್ಮ ಗುಳ್ಳೆಗಿಂತ ನಿಧಾನ ಏಳ್ಬೇಕು. ನಾನು ಒಂದು ಮೊಳ ದೂರದಲ್ಲೇ ಇರ್ತೀನಿ. ಇಳೀರಿ."

ಇಳಿದರು. ತರಗತಿಯಲ್ಲಿ ಹೇಳಿಕೊಟ್ಟ ಹಾಗೆ ತೂಕದವರು ಸಿಲಿಂಡರ್ ಹೊತ್ತ ತೇಲುಜಾಕೆಟ್ಟಿನ ಗಾಳಿ ಬಿಟ್ಟರು, ನೋಡಿ ಷಡ್ಡಕನೂ ಬಿಟ್ಟ. 'ಪುಸ್ಸ್' ಎಂದು ಗಾಳಿ ಹೋಯಿತು. ಇಬ್ಬರೂ ಕಣ್ಣು ಮುಚ್ಚಿ ಮುಳುಗಲು ಸಿದ್ಧರಾದರು.

ಕಣ್ಣು ಬಿಟ್ಟಾಗ ಸಾಹೇಬರ ಕೊಡೆಯೇ ಎದುರಿಗಿತ್ತು.

"ನೀವು ಹಿರಿಯರು. ಮೊದಲು ಇಳೀರಿ ಭಾವ," ಎಂದ ಷಡ್ಡಕ, ಬಾಯಿತುಂಡು ತೆಗೆದು.

"ಆ ಮರ್ಯಾದೆ ಎಲ್ಲ ದಡದಲ್ಲಿ. ನೀರಲ್ಲಿ ನೀವೇ ಮುಂದೆ."

"ಎಲ್ಲಾದ್ರೂ ಉಂಟಾ!"

ಹೀಗೆ ಅವರು ಬಹಳ ಹೊತ್ತು ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತ ಬೆಂಡಿನ ಹಾಗೆ ತೇಲಿದರು. ಕಟ್ಟೆಯ ಮೇಲಿನವರಿಗೆ ಇದೂ ವಿದ್ಯೆಯ ಭಾಗವಾಗಿ ಕಂಡಿತು. "ನೀರಿನ ಹದ ನೋಡ್ತಿದಾರೆ," ಎಂದ ಟೈಲರ್.

ಸ್ಕೂಟರು ಎಳೆದರೆ ಇಳಿಯಬಹುದು ಎಂದು ಇಬ್ಬರಿಗೂ ಒಂದೇ ಗಳಿಗೆಯಲ್ಲಿ ಹೊಳೆಯಿತು. ಮೂತಿ ಕೆಳಗೆ ಮಾಡಿ ಸ್ವಿಚ್ ಒತ್ತಿದರು. ತಲೆ ಒಂದು ಗೇಣು ಒಳಗೆ ಹೋಯಿತು, ಸೊಂಟ ಒಪ್ಪಲಿಲ್ಲ, ಕಾಲು ಆಕಾಶಕ್ಕೆ ಎದ್ದವು. ಹುಳು ಹೆಕ್ಕುವ ಎರಡು ಬಾತುಕೋಳಿಗಳಂತೆ ಸರೋವರದ ಅಂಚಿನಲ್ಲಿ ಸುತ್ತತೊಡಗಿದರು. ತೂಕದವರ ಪಂಖ ಅರ್ಧ ನೀರಿನಾಚೆ ಬಂದು ಕಟ್ಟೆಯ ಕಡೆ ನೀರೆರಚಿತು. ಸಾಹೇಬರು ಕೊಡೆ ಬಿಚ್ಚಿದರು.

"ಸ್ವಿಚ್ ಬಿಡಿ!" ಎಂದು ಮೇಡಂ ಕೂಗಿದಳು. ಇಬ್ಬರೂ ಬಿಟ್ಟರು. ಎಲ್ಲ ನಿಂತಿತು. ನೀರೂ ಸುಮ್ಮನಾಯಿತು.

ಷಡ್ಡಕ ಕೆಮ್ಮಿ, ತಗ್ಗಿದ ದನಿಯಲ್ಲಿ ಕೇಳಿದ. "ಭಾವ, ನಿಜ ಹೇಳಿ. ನೀವು ಯಾವತ್ತಾದ್ರೂ ಮುಳುಗಿದೀರಾ?"

"ಗದ್ದದ ತನಕ. ನೀವು?"

"ಹೋಟೆಲಲ್ಲಿ. ಕೂತ್ಕೊಂಡು."

"ಮತ್ತೆ ಆ ಕೊಳವೆ ಬೇಡ ಅಂದ್ರಿ?"

"ನಾನೆಲ್ಲಿ ಅಂದೆ? ನೀವಂದ್ರಿ! ನಾನು ಅದೇನು ಅಂತ ಕೇಳಿದ್ದು!"

ಆಗ ಕಟ್ಟೆಯ ಹಲಗೆಗಳ ಮೇಲೆ ಕಟಕಟ ಸದ್ದು ಕೇಳಿಸಿತು. ಅತ್ತೆಯವರು ಗಾಲಿಚೀಲ ಎಳೆದುಕೊಂಡು ಬರುತ್ತಿದ್ದರು. ಜನ ದಾರಿ ಬಿಟ್ಟರು. ಅಂಚಿನಲ್ಲಿ ನಿಂತು, ಚೀಲದ ಬಾಯಿ ತೆರೆದು, ಎರಡು ಕೈಯಿಂದ ಒಂದು ಪಟ್ಟಿಯನ್ನು ಎತ್ತಿ ಹಲಗೆಯ ಮೇಲಿಟ್ಟರು. ಧಡ್. ಇನ್ನೊಂದನ್ನೂ ಇಟ್ಟರು. ಧಡ್. ಆಮೇಲೆ ತಮ್ಮ ಸೊಂಟ ಮುಟ್ಟಿ, ಅಂಗೈಯನ್ನು ಮೇಲಿನಿಂದ ಕೆಳಕ್ಕೆ ಇಳಿಸಿದರು.

ಈ ಸಲ ಆಶೀರ್ವಾದವೆಂದು ಯಾರೂ ತಿಳಿಯಲಿಲ್ಲ.

"ಸೀಸ," ಎಂದರು ಸಾಹೇಬರು, ಕೊಡೆಯೊಳಗಿಂದ, ತುಂಬ ಮೆಲ್ಲಗೆ. ಇಲಾಖೆಯ ಮಾನದ ಪ್ರಶ್ನೆಯಾಗಿತ್ತು.

"ನೀವು ಹಾಕಿರೋ ಉಡುಪು ರಬ್ಬರ್ ಫೋಮು," ಎಂದಳು ಮೇಡಂ. "ಫೋಮು ತೇಲುತ್ತೆ. ಸೀಸ ಇಲ್ದೇ ಇಳಿಯೋಕಾಗಲ್ಲ."

ಷಡ್ಡಕ ತನ್ನ ತೋಳನ್ನು ಹಿಸುಕಿ ನೋಡಿಕೊಂಡ. ಅವನ ಅಂಗಡಿಯ ಬೋರ್ಡಿನ ಮೇಲೇ 'ಮೋಡದಷ್ಟು ಹಗುರ' ಎಂದು ಬರೆದಿತ್ತು.

"ನಿಮಗೆ ಮೊದಲೇ ಕಂಡಿತ್ತಾ ಮೇಡಂ?" ಎಂದು ತೂಕದವರು ಕೇಳಿದರು.

"ಕಂಡಿತ್ತು."

"ಮತ್ತೆ ಯಾಕೆ ಬಿಟ್ರಿ?"

"ಹಿಂದೆ ಏನು ಕಟ್ಟಿದೀರಿ, ಏನು ಬಿಟ್ಟಿದೀರಿ, ಇಬ್ಬರಲ್ಲಿ ಒಬ್ರೂ ನೋಡಿಲ್ಲ. ಅಂಥೋರಿಗೆ ಮುಳುಗದೇ ಇರೋದೇ ಕ್ಷೇಮ ಅಂತ ಬಿಟ್ಟೆ."

ಎರಡನೆಯ ತಪಾಸಣೆ ಬೇರೆ ಥರ ನಡೆಯಿತು. ಷಡ್ಡಕ ತೂಕದವರ ಒಂದೊಂದು ಪಟ್ಟಿಯನ್ನೂ ಎಳೆದು ನೋಡಿ, ಗೊತ್ತಿಲ್ಲದ್ದನ್ನೆಲ್ಲ ಕೇಳಿದ. ತೂಕದವರೂ ಅವನ ಸೊಂಟಕ್ಕೆ ತಾವೇ ಸೀಸ ಕಟ್ಟಿ, ಕೊಕ್ಕೆಯನ್ನು ಎರಡು ಸಲ ಬಿಚ್ಚಿ ಹಾಕಿದರು. ಒಂದು ಸ್ಕೂಟರು ಕಟ್ಟೆಯಲ್ಲೇ ಉಳಿಯಿತು. ಇನ್ನೊಂದನ್ನು ಮೇಡಂ ತಾನೇ ಹಿಡಿದಳು. "ನನ್ನ ಪಟ್ಟಿ ಹಿಡ್ಕೊಳಿ, ಒಬ್ಬೊಬ್ರು ಒಂದೊಂದು ಪಕ್ಕ. ಬೇಡ ಅನ್ಸಿದ್ರೆ ಕೈ ತೋರ್ಸಿ, ಎಲ್ಲರೂ ಮೇಲೆ."

ಈ ಸಲ ಮುಳುಗಿದರು.

ಕೆಳಗೆ ಹಸಿರು ಬೆಳಕು, ತಮ್ಮದೇ ಉಸಿರಿನ ಸದ್ದು. ಸ್ಕೂಟರು ಎತ್ತಿನ ಬಂಡಿಯ ವೇಗದಲ್ಲಿ ಎಳೆಯಿತು. ಹೋಗುವ ದಾರಿಯಲ್ಲಿ ಒಂದು ಛತ್ರಿಯ ಕಡ್ಡಿ, ಒಂದು ಕುರ್ಚಿ, ಯಾರದೋ ಕನ್ನಡಕ ಕಂಡವು. ಹಲ್ಲು ಕಾಣಲಿಲ್ಲ. ಕೆಂಪು ಬುರುಡೆಯ ಸರಪಳಿಯ ಹತ್ತಿರ ಮೇಡಂ, ತಳಕ್ಕೆ ಇನ್ನೂ ಒಂದಾಳು ದೂರವಿರುವಾಗಲೇ ಪಂಖ ನಿಲ್ಲಿಸಿದಳು. ತೂಕದವರು ಉತ್ಸಾಹದಿಂದ ಮುಂದೆ ಹೋಗಿ ಕಾಲು ಬಡಿದರು. ತಳದ ಕೆಸರೆಲ್ಲ ಎದ್ದು ಲೋಕ ಕಂದು ಬಣ್ಣಕ್ಕೆ ತಿರುಗಿತು. ಯಾರೂ ಯಾರಿಗೂ ಕಾಣಲಿಲ್ಲ.

ಒಂದು ಕೈ ಅವರ ಭುಜ ಹಿಡಿಯಿತು. ಮೇಡಂ ಅಲ್ಲ, ಷಡ್ಡಕ. ಹಿಡಿದವನು ಬಿಡಲಿಲ್ಲ, ಎಳೆಯಲೂ ಇಲ್ಲ. ಇಬ್ಬರೂ ಅಲುಗದೆ ಉಸಿರಾಡಿದರು. ಸಂಸಾರದಲ್ಲೂ ಕಚೇರಿಯಲ್ಲೂ ಏನೂ ಮಾಡದೆ ಇರುವುದರಿಂದ ತೂಕದವರಿಗೆ ಅಷ್ಟು ಲಾಭ ಹಿಂದೆಂದೂ ಆಗಿರಲಿಲ್ಲ. ಕೆಸರು ನಿಧಾನವಾಗಿ ಕೆಳಗಿಳಿಯಿತು. ಮೊದಲು ಮೇಡಂ ಕಂಡಳು, ಆಮೇಲೆ ಸರಪಳಿ, ಆಮೇಲೆ ಸರಪಳಿಯ ಬುಡದಲ್ಲಿ, ಒಡೆದ ಬಸಿಯ ಪಕ್ಕ, ಬೆಳ್ಳಗೆ ಒಂದು ಸಾಲು.

ಹನ್ನೆರಡು ವರ್ಷಗಳಲ್ಲಿ ಎರಡನೆಯ ಸಲ ಅತ್ತೆಯವರು ಅವರನ್ನು ನೋಡಿ ನಗುತ್ತಿದ್ದರು.

ತೂಕದವರಿಗೂ ನಗು ಬಂತು. ಕೆನ್ನೆ ಸುಕ್ಕುಗಟ್ಟಿ ಮುಖದ ಗಾಜಿನೊಳಗೆ ನೀರು ಜಿನುಗಿತು. ನಗು ನುಂಗಿಕೊಂಡು ಕೈ ಚಾಚಿದರು.

ಮೇಲೆ ಬರುವಾಗ ಸ್ಕೂಟರು ಸುಮ್ಮನಿತ್ತು. ಗುಳ್ಳೆಗಳೆಲ್ಲ ಮುಂದೆ ಹೋದವು, ಇವರು ಅವುಗಳ ಹಿಂದೆ ನಿಧಾನವಾಗಿ ಬಂದರು. ಕಟ್ಟೆಯ ಮೇಲೆ ಚಪ್ಪಾಳೆ ಬಿತ್ತು. ಟೈಲರ್ ಟೇಪು ಬೀಸಿದ. ಅತ್ತೆಯವರು ಚಪ್ಪಾಳೆಗೆ ಕಾಯದೆ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ಮುಳುಗು ಶಾಲೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗೆ ನೀರು ಕುದಿಯುವ ಸದ್ದು. ಬಹಳ ಹೊತ್ತು ಅದೊಂದೇ ಸದ್ದು.

ಅಷ್ಟರಲ್ಲಿ ಅಳಿಯಂದಿರು ಬಟ್ಟೆ ಬದಲಿಸಿಕೊಂಡು ಬಂದು ಬಾಗಿಲ ಮುಂದೆ ನಿಂತರು. ಇಷ್ಟು ದಿನ ಕೂಡಿಟ್ಟ ಮಾತು ಒಮ್ಮೆಗೇ ಹೊರಬರಲಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಸಾಹೇಬರು ಮುನ್ನೆಚ್ಚರಿಕೆಯಾಗಿ ಎರಡು ಹೆಜ್ಜೆ ಹಿಂದೆ ಸರಿದರು.

ಬಾಗಿಲು ತೆರೆಯಿತು. ಅತ್ತೆಯವರು ಹೊಸ್ತಿಲಲ್ಲಿ ನಿಂತು ದವಡೆಯನ್ನು ಒಮ್ಮೆ ಆಡಿಸಿ ನೋಡಿದರು. ಷಡ್ಡಕನನ್ನು ನೋಡಿದರು. ಮೇಡಂ ಕಡೆ ನೋಡಿ ತಲೆಯಾಡಿಸಿದರು. ಕೊನೆಗೆ ತೂಕದವರನ್ನು ತಲೆಯಿಂದ ಕಾಲವರೆಗೆ ನೋಡಿದರು.

"ಅಳಿಯಂದ್ರೇ."

"ಹೇಳಿ ಅತ್ತೆ."

"ಷರ್ಟಿನ ಗುಂಡಿ ಒಂದು ಮನೆ ತಪ್ಪಿದೆ."

ತೂಕದವರು ಬಗ್ಗಿ ನೋಡಿಕೊಂಡರು. ಹೌದು, ತಪ್ಪಿತ್ತು. ಮುಖದ ತುಂಬ ನಗುತ್ತ, ಎಲ್ಲ ಗುಂಡಿಗಳನ್ನೂ ಬಿಚ್ಚಿ, ಕೆಳಗಿನಿಂದ ಒಂದೊಂದಾ‌ಗಿ ಹಾಕಿಕೊಳ್ಳತೊಡಗಿದರು. ಅವರ ಪಕ್ಕದಲ್ಲಿ ನಿಂತಿದ್ದ ಷಡ್ಡಕ, ಯಾರೂ ಏನೂ ಹೇಳದಿದ್ದರೂ, ಮೆಲ್ಲಗೆ ಗೋಡೆಯ ಕಡೆ ತಿರುಗಿ ತನ್ನ ಪ್ಯಾಂಟಿನ ಜಿಪ್ಪು ಮುಟ್ಟಿ ನೋಡಿಕೊಂಡ.